ಬೇಸಿಗೆ, ಮಾತ್ರೆ ಮತ್ತು ನೀರು



ಬಿಸಿಲು ಎಲ್ಲರಿಗೂ ಒಂದೇ. ಆದರೆ ಸಕ್ಕರೆ ಕಾಯಿಲೆ, ಬಿ.ಪಿ., ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರಿಗೆ ಅದರ ಪೆಟ್ಟು ಹೆಚ್ಚು. 2016ರ ಏಪ್ರಿಲ್‌ನಲ್ಲಿ ತಂಪಿಗೆ ಹೆಸರಾದ ಬೆಂಗಳೂರಿನಲ್ಲೇ 39.2 ಡಿಗ್ರಿ ದಾಖಲಾಯಿತು. ಅಂಥ ದಿನ ಕಬ್ಬಿನ ಗದ್ದೆಯಲ್ಲೋ ಆಲೆಮನೆಯ ಒಲೆಯ ಮುಂದೋ ದುಡಿಯುವವರ ಪಾಡೇನು?

ಮೈ ತಣ್ಣಗಾಗಲು ಬೆವರು ಸುರಿಯಬೇಕು, ಚರ್ಮಕ್ಕೆ ಹೆಚ್ಚು ರಕ್ತ ಹರಿಯಬೇಕು. ದುರ್ಬಲ ಹೃದಯಕ್ಕೆ ಇದು ಹೊರೆ. ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಲ್ಲಿ ನೀರು, ಉಪ್ಪು ಬೇಗ ಕಡಿಮೆಯಾಗಿ ತಲೆಸುತ್ತು ಬರಬಹುದು. ಹಾಗೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಬೇಸಿಗೆಗೆ ಮುನ್ನವೇ ವೈದ್ಯರನ್ನು ಎರಡು ಮಾತು ಕೇಳಿ: ಮಾತ್ರೆಯ ಪ್ರಮಾಣ ಬದಲಿಸಬೇಕೇ? ದಿನಕ್ಕೆ ಎಷ್ಟು ನೀರು ಕುಡಿಯಬೇಕು? ಹೃದಯ, ಮೂತ್ರಪಿಂಡದ ರೋಗಿಗಳಿಗೆ ನೀರು ಹೆಚ್ಚಾದರೂ ಕಷ್ಟವೇ.

ಇನ್ಸುಲಿನ್ ಬಿಸಿಗೆ ಕೆಡುತ್ತದೆ. ಫ್ರಿಜ್ ಇಲ್ಲದವರು ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ನೀರು ತುಂಬಿದ ಮಣ್ಣಿನ ಮಡಕೆಯಲ್ಲಿ ಇಡಿ. ಸಕ್ಕರೆ ಕಾಯಿಲೆಯವರಿಗೆ ದಣಿವಾದಾಗ ಕಬ್ಬಿನ ಹಾಲು ಬೇಡ.

ಮಾತು ತೊದಲಿದರೆ, ಎಚ್ಚರ ತಪ್ಪಿದರೆ ತಡಮಾಡಬೇಡಿ. ನೆರಳಿಗೆ ತಂದು, ಮೈಗೆ ತಣ್ಣೀರು ಹಾಕಿ, ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ.