ಫಲಿತಾಂಶದ ಮಾರನೆಯ ದಿನ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ. ಲೇಖಕರು ನಮ್ಮ ಶಾಲೆಯ 2003-04ನೇ ಸಾಲಿನ ಎಸ್.ಎಸ್.ಎಲ್.ಸಿ. ವಿದ್ಯಾರ್ಥಿ. ಬಿ.ಇ. ಪದವೀಧರರು. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್.)



ಪ್ರೌಢಶಾಲೆಯ ಮಕ್ಕಳಿಗೆ ಮನೆಯವರು ಮತ್ತು ಆಪ್ತ ಸಮಾಲೋಚಕರು ಹೇಗೆ ಆಸರೆಯಾಗಬಹುದು ಎಂಬುದರ ಬಗ್ಗೆ ಮಾತಾಡಬೇಕೆಂದು ಮುಖ್ಯ ಶಿಕ್ಷಕರು ಹೇಳಿದರು. ನಾನು ಕಂಪ್ಯೂಟರ್ ಮುಂದೆ ಕೂರುವವನು, ಮನಶ್ಶಾಸ್ತ್ರ ಓದಿದವನಲ್ಲ. ಅಲ್ಲದೆ ನಮ್ಮ ಶಾಲೆಯಲ್ಲಿ ಆಪ್ತ ಸಮಾಲೋಚಕರು ಎಂಬ ಹುದ್ದೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಆದರೆ ಆ ಕೆಲಸ ಮಾಡಿದವರು ಒಬ್ಬರಿದ್ದರು. ಅವರು ನಮ್ಮ ಡ್ರಿಲ್ ಮೇಷ್ಟ್ರು.

ಹತ್ತನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನನಗೆ ಗಣಿತದಲ್ಲಿ ಬಂದದ್ದು 19. ಪ್ರೋಗ್ರೆಸ್ ಕಾರ್ಡಿಗೆ ಅಪ್ಪನ ಸಹಿ ನಾನೇ ಹಾಕಿದೆ. ಅಪ್ಪ ಸಹಿ ಹಾಕಲು ಅರ್ಧ ನಿಮಿಷ ತೆಗೆದುಕೊಳ್ಳುತ್ತಿದ್ದರು, ಒಂದೊಂದು ಅಕ್ಷರ ಬರೆಯುವಾಗಲೂ ಪೆನ್ನು ನಿಲ್ಲುತ್ತಿತ್ತು. ನನ್ನ ಸಹಿ ಸರಾಗವಾಗಿತ್ತು. ಸಿಕ್ಕಿಬೀಳಲು ಅಷ್ಟು ಸಾಕಾಯಿತು.

ಒಂದು ಸಂಜೆ ಮೇಷ್ಟ್ರು ತಮ್ಮ ಟಿವಿಎಸ್‌ನಲ್ಲಿ ನಮ್ಮ ಮನೆಗೆ ಬಂದರು. ಅಪ್ಪ ಕಾಯಿ ಸುಲಿಯುತ್ತಿದ್ದರು. ನಾನು ಹಿತ್ತಲಲ್ಲಿ ನಿಂತು ನಡುಗುತ್ತಿದ್ದೆ. ಮೇಷ್ಟ್ರು ಕಾಫಿ ಕುಡಿದರು, ತಿಪಟೂರಿನಲ್ಲಿ ಕೊಬ್ಬರಿ ರೇಟು ವಿಚಾರಿಸಿದರು, ಬೋರ್‌ವೆಲ್ ಬತ್ತಿದ ಕಥೆ ಕೇಳಿದರು. ಸಹಿಯ ವಿಷಯ ಎತ್ತಲೇ ಇಲ್ಲ. ಏಳುವಾಗ ಹೇಳಿದ್ದು ಇಷ್ಟೇ: "ನೋಡಿ ಯಜಮಾನ್ರೇ, ಹುಡುಗ ಎರಡು ವಾರದಿಂದ ಮಧ್ಯಾಹ್ನ ಡಬ್ಬಿ ಬಿಚ್ಚುತ್ತಿಲ್ಲ. ಕ್ಲಾಸಲ್ಲಿ ತೂಕಡಿಸ್ತಾನೆ. ಮಾರ್ಚ್ ಮುಗಿಯೋವರೆಗೂ ಬೆಳಗಿನ ಜಾವ ನೀರು ಕಟ್ಟೋಕೆ ಕರೀಬೇಡಿ. ಅವರ ದೊಡ್ಡಪ್ಪನ ಮಗನ ಮಾರ್ಕ್ಸು ಅವನ ಮುಂದೆ ಎತ್ತಬೇಡಿ."

ನಾನು ಊಟ ಬಿಟ್ಟಿದ್ದು ನನ್ನ ಅಮ್ಮನಿಗೇ ಗೊತ್ತಿರಲಿಲ್ಲ. ಡಬ್ಬಿ ಖಾಲಿ ಮಾಡಿಕೊಂಡೇ ಮನೆಗೆ ಬರುತ್ತಿದ್ದೆ, ದಾರಿಯ ನಾಯಿಗೆ ಹಾಕಿ. ಮೇಷ್ಟ್ರು ಹೇಗೆ ಕಂಡುಕೊಂಡರು? ಪಾಠದ ಮೇಷ್ಟ್ರುಗಳು ನಮ್ಮನ್ನು ಬೆಂಚಿನಲ್ಲಿ ನೋಡುತ್ತಿದ್ದರು, ಅವರು ಬಯಲಿನಲ್ಲಿ ನೋಡುತ್ತಿದ್ದರು. ಯಾವನು ಒಂಟಿಯಾಗಿ ಕೂತ, ಯಾವನು ಆಟಕ್ಕೆ ಬರಲಿಲ್ಲ ಎಂಬ ಲೆಕ್ಕ ಅವರ ಹತ್ತಿರ ಇರುತ್ತಿತ್ತು.

ಅಪ್ಪ ಓದಿದ್ದು ನಾಲ್ಕನೇ ಕ್ಲಾಸು. ನನಗೆ ಬೀಜಗಣಿತ ಹೇಳಿಕೊಡಲು ಅವರಿಂದ ಆಗುತ್ತಿರಲಿಲ್ಲ. ಅವತ್ತಿನಿಂದ ರಾತ್ರಿ ನಾನು ಓದುವಾಗ ಪಕ್ಕದಲ್ಲಿ ಸುಮ್ಮನೆ ಕೂರಲು ಶುರುಮಾಡಿದರು. ಕರೆಂಟು ಹೋದರೆ ಲಾಟೀನು ಹಚ್ಚಿಡುವರು. ಆಮೇಲೊಂದು ದಿನ ಮಂಡಿಯ ಚೀಟಿ ತಂದು ಮುಂದಿಟ್ಟರು. "ಏನ್ಲಾ, ಇದರಲ್ಲಿ ತೂಕ, ಕಮಿಷನ್ನು, ಹಮಾಲಿ ಎಲ್ಲ ಸರಿ ಇದೆಯಾ ನೋಡು." ಶೇಕಡಾವಾರು ಲೆಕ್ಕ ನನ್ನ ತಲೆಗೆ ಹತ್ತಿದ್ದು ಆ ಚೀಟಿಗಳಿಂದ. ಮಾರ್ಚ್ ಪರೀಕ್ಷೆಯಲ್ಲಿ ಗಣಿತಕ್ಕೆ 61 ಬಂತು. ಊರಿಗೇನೂ ಹೆಚ್ಚಲ್ಲ, ನಮ್ಮ ಮನೆಗೆ ಹೆಚ್ಚು.

ಇಲ್ಲಿಗೆ ನಿಲ್ಲಿಸಿದರೆ ಇದು ಚೆಂದದ ಕಥೆ. ಆದರೆ ನನ್ನ ಬೆಂಚಿನಲ್ಲಿ ಇನ್ನೊಬ್ಬನಿದ್ದ. ಅವನನ್ನು ಕೇಳಿಯೇ ಈ ಮಾತು ಹೇಳುತ್ತಿದ್ದೇನೆ, ಅವನೂ ಇಲ್ಲೇ ಕೂತಿದ್ದಾನೆ. ಅವನಿಗೆ ಗಣಿತದಲ್ಲಿ 31 ಬಂತು. ಆಗ ಪಾಸಾಗಲು 35 ಬೇಕಿತ್ತು. ನಾಲ್ಕು ಅಂಕ. ಜೂನ್‌ನಲ್ಲಿ ಪೂರಕ ಪರೀಕ್ಷೆ ಇತ್ತು. ನಮ್ಮ ಡ್ರಿಲ್ ಮೇಷ್ಟ್ರಿಗೆ ಆ ಬೇಸಿಗೆಯಲ್ಲೇ ವರ್ಗವಾಗಿತ್ತು. ಬೇರೆ ಯಾರೂ ಅವನ ಮನೆಗೆ ಹೋಗಲಿಲ್ಲ. ನಾನೂ ಹೋಗಲಿಲ್ಲ. ಪಾಸಾದವನು ಫೇಲಾದವನ ಮನೆಗೆ ಯಾವ ಮುಖ ಇಟ್ಟುಕೊಂಡು ಹೋಗುವುದು ಎಂದುಕೊಂಡೆ. ಪಿಯುಸಿಗೆ ಅರ್ಜಿ ಹಾಕುವ ಗಡಿಬಿಡಿಯಲ್ಲಿ ಮರೆತೂ ಬಿಟ್ಟೆ. ಅವನು ಬೆಂಗಳೂರಿನ ಒಂದು ಬೇಕರಿಗೆ ಸೇರಿದ. ಹದಿನಾಲ್ಕು ವರ್ಷ ಅಲ್ಲೇ ದುಡಿದ.

ನಿನ್ನೆ ರಾತ್ರಿ ಅವನ ಮನೆಯಲ್ಲೇ ಊಟ ಮಾಡಿದೆ. ಮಗಳು ಇದೇ ಶಾಲೆಯಲ್ಲಿ ಒಂಬತ್ತನೇ ತರಗತಿ. ಮಾತಿನ ಮಧ್ಯೆ ಹೇಳಿದ: "ಜೂನ್‌ನಲ್ಲಿ ಮತ್ತೆ ಬರೀಬಹುದು ಅಂತ ಗೊತ್ತಿತ್ತು ಕಣೋ. ಯಾರಾದ್ರೂ ಬಂದು ಬರಿ ಅಂತಾರೇನೋ ಅಂತ ಕಾಯ್ತಿದ್ದೆ."

ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ.

ಹಾಗಾಗಿ ನನ್ನ ಕೋರಿಕೆ ಫಲಿತಾಂಶದ ಮಾರನೆಯ ದಿನದ ಬಗ್ಗೆ. ಈಗ ವ್ಯವಸ್ಥೆ ನಮ್ಮ ಕಾಲಕ್ಕಿಂತ ಚೆನ್ನಾಗಿದೆ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ, ಹೆಚ್ಚು ಬಂದ ಅಂಕ ಉಳಿಸಿಕೊಳ್ಳಬಹುದು. ಆದರೆ ಸುತ್ತೋಲೆ ಮನೆ ಬಾಗಿಲು ತಟ್ಟುವುದಿಲ್ಲ. ಫೇಲಾದ ಮಕ್ಕಳ ಪಟ್ಟಿಯನ್ನು ಶಾಲೆಯವರು ಅವತ್ತೇ ಸಂಜೆ ಮಾಡಲಿ. ಎರಡು ದಿನದೊಳಗೆ ಒಬ್ಬ ಮೇಷ್ಟ್ರು, ಒಬ್ಬ ಹಳೆಯ ವಿದ್ಯಾರ್ಥಿ ಸೇರಿ ಪ್ರತಿ ಮನೆಗೂ ಹೋಗೋಣ. ನಮ್ಮ ಬ್ಯಾಚಿನ ಹನ್ನೊಂದು ಜನ ಒಪ್ಪಿದ್ದೇವೆ. ಪರೀಕ್ಷೆ ಶುಲ್ಕ ನಮ್ಮದು. ಮೊದಲನೇ ಹೆಸರು ಬರೆಸಿದವನು ಬೇಕರಿಯವನೇ.

ಅಪ್ಪ ಅಮ್ಮಂದಿರಿಗೆ ಇನ್ನೊಂದೆರಡು ಮಾತು. ಮಗ ಇಂಜಿನಿಯರ್ ಆಗಲೇಬೇಕು ಎಂದು ನನ್ನನ್ನು ತೋರಿಸಬೇಡಿ, ದಯವಿಟ್ಟು. ಹತ್ತಾದ ಮೇಲೆ ಡಿಪ್ಲೊಮಾ ಇದೆ, ಐಟಿಐ ಇದೆ. ಡಿಪ್ಲೊಮಾ ಮುಗಿಸಿ ಬಿ.ಇ. ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಎಂಟನೇ ತರಗತಿಯಲ್ಲೇ ಎನ್‌ಎಂಎಂಎಸ್ ಪರೀಕ್ಷೆ ಇದೆ. ಅದರಲ್ಲಿ ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಕುಟುಂಬದ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ಆದಾಯ ಪ್ರಮಾಣಪತ್ರಕ್ಕೆ ಕೊನೆಯ ದಿನ ನಾಡಕಚೇರಿಗೆ ಓಡಬೇಡಿ, ಮೊದಲೇ ಮಾಡಿಸಿಡಿ. ಹತ್ತು ವರ್ಷ ಹಳ್ಳಿಯಲ್ಲಿ ಓದಿದವರಿಗೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಮೀಸಲಾತಿ ಇದೆ. ನನಗೆ ಸೀಟು ಸಿಕ್ಕಿದ್ದೇ ಗ್ರಾಮೀಣ ಮೀಸಲಿನಲ್ಲಿ.

ಪಿಯುಸಿ ಸೈನ್ಸ್‌ಗೆ ಹೋಗುವ ಮಕ್ಕಳಿಗೆ ಬೇಸಿಗೆಯಲ್ಲೇ ವಿಜ್ಞಾನದ ಇಂಗ್ಲಿಷ್ ಪದಗಳ ಪರಿಚಯ ಮಾಡಿಸಿ. "ವೇಗೋತ್ಕರ್ಷ" ಎಂದರೆ ಗೊತ್ತಿದ್ದ ನನಗೆ "ಆಕ್ಸಿಲರೇಷನ್" ಎಂದರೆ ಅದೇ ಎಂದು ತಿಳಿಯಲು ಒಂದು ತಿಂಗಳು ಬೇಕಾಯಿತು. ಅಷ್ಟರಲ್ಲಿ ಮೊದಲ ಟೆಸ್ಟ್ ಹೋಗಿತ್ತು.

ಮಗು ಊಟ ಬಿಟ್ಟರೆ, ನಿದ್ದೆ ಬಿಟ್ಟರೆ, ಇದ್ದಕ್ಕಿದ್ದಂತೆ ಮಾತು ಬಿಟ್ಟರೆ ಅದನ್ನು ಸೊಕ್ಕು ಎನ್ನಬೇಡಿ. "ಬದುಕಿ ಏನು ಪ್ರಯೋಜನ" ಎಂಬ ಮಾತು ಬಂದರಂತೂ ಆ ರಾತ್ರಿ ಒಂಟಿಯಾಗಿ ಬಿಡಬೇಡಿ. 14416 ಟೆಲಿ ಮಾನಸ್ ಸಂಖ್ಯೆ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹುಡುಗಿಯನ್ನು ಶಾಲೆ ಬಿಡಿಸಿ ಮದುವೆಗೆ ಹೊರಟಿದ್ದಾರೆ ಎಂದು ಗೊತ್ತಾದರೆ 1098ಕ್ಕೆ ಹೇಳಿ. ಎರಡೂ ಸಂಖ್ಯೆಗಳನ್ನು ನೀರಿನ ತೊಟ್ಟಿಯ ಮೇಲಿನ ಗೋಡೆಗೆ ಬರೆಸಲು ಮುಖ್ಯ ಶಿಕ್ಷಕರು ಒಪ್ಪಿದ್ದಾರೆ. ಆಫೀಸ್ ರೂಮಿನ ಬೋರ್ಡಿಗಿಂತ ಅದೇ ಸರಿ, ಅಲ್ಲಿ ನಿಂತು ಓದಿದರೆ ಯಾಕೆ ಎಂದು ಯಾರೂ ಕೇಳುವುದಿಲ್ಲ.

ಮನೆಗಳಿಗೆ ಹೋಗಲು ಒಪ್ಪುವ ಹಳೆಯ ವಿದ್ಯಾರ್ಥಿಗಳು ಊಟಕ್ಕೆ ಮುಂಚೆ ಹೆಸರು ಬರೆಸಿ. ಪುಸ್ತಕ ಬಾಗಿಲ ಹತ್ತಿರದ ಮೇಜಿನ ಮೇಲಿದೆ.