ಎ, ದಿ ಮತ್ತು ನಾವು

(ಹಾಸ್ಟೆಲ್ ಗೆಳೆಯರ ಸಭೆಯಲ್ಲಿ ಆಡಿದ ಮಾತು)



ಕಾಲೇಜಿನ ಮೊದಲ ವರ್ಷ ನಮ್ಮಲ್ಲೊಬ್ಬ ಎದ್ದು ನಿಂತು 'ಐ ಯಾಮ್ ಸ್ಟೂಡೆಂಟ್' ಅಂದ. ಕ್ಲಾಸೆಲ್ಲ ನಕ್ಕಿತು. ಆವತ್ತು ಮುಚ್ಚಿದ ನಮ್ಮ ಬಾಯಿ ಮೂರು ವರ್ಷ ತೆರೆಯಲಿಲ್ಲ. ಒಂದು 'ಎ' ಬಿಟ್ಟಿದ್ದಕ್ಕೆ ಇಷ್ಟು ಶಿಕ್ಷೆ.

ಇದೇನು ಬ್ರಹ್ಮವಿದ್ಯೆಯಲ್ಲ. ನಮ್ಮ ಅಜ್ಜಿ ಕತೆ ಶುರು ಮಾಡುವಾಗ 'ಒಬ್ಬ ರಾಜ ಇದ್ದ' ಅಂತಾಳೆ. ಆಮೇಲೆ 'ಆ ರಾಜ' ಅಂತಾಳೆ. ಮೊದಲನೆಯದು 'ಎ', ಎರಡನೆಯದು 'ದಿ'. ಯಾವುದೆಂದು ಕೇಳುವವನಿಗೆ ಗೊತ್ತಿಲ್ಲದಾಗ 'ಎ', ಗೊತ್ತಿದ್ದಾಗ 'ದಿ'. ಕನ್ನಡದಲ್ಲಿ ಬಿಟ್ಟರೂ ನಡೆಯುತ್ತೆ, ಇಂಗ್ಲಿಷಿನಲ್ಲಿ ನಡೆಯಲ್ಲ.

'ಆ್ಯನ್' ಹಾಕುವಾಗ ಅಕ್ಷರ ನೋಡಬೇಡಿ, ಸದ್ದು ಕೇಳಿ. ಸ್ವರದ ಸದ್ದಿದ್ದರೆ ಆ್ಯನ್: ಆ್ಯನ್ ಅವರ್, ಆ್ಯನ್ ಎಂ.ಎ. ಆದರೆ ಯೂನಿವರ್ಸಿಟಿ 'ಯ' ಸದ್ದಿನಿಂದ ಶುರುವಾಗುತ್ತೆ, ಅದಕ್ಕೇ ಎ ಯೂನಿವರ್ಸಿಟಿ. 'ಒನ್ ಆಫ್ ದಿ' ಅಂದಮೇಲೆ ಬಹುವಚನ ಬೇಕು: ಒನ್ ಆಫ್ ದಿ ಬಾಯ್ಸ್. ಇನ್ಫರ್ಮೇಷನ್, ಅಡ್ವೈಸ್, ಫರ್ನಿಚರ್ ಇವನ್ನು ಎಣಿಸೋದಿಲ್ಲ. ಇವಕ್ಕೆ ಮುಂಚೆ 'ಎ' ಇಲ್ಲ, ಕೊನೆಗೆ 'ಎಸ್' ಇಲ್ಲ.

ಇದು ಬರೀ ಪರೀಕ್ಷೆಯ ಮಾತಲ್ಲ. 1927ರ ಮಾರ್ಚ್ 20ರಂದು ಮಹಾಡ್‌ನಲ್ಲಿ ಬಾಬಾಸಾಹೇಬರ ಜೊತೆ ನಡೆದ ಜನ 'ಎ ಟ್ಯಾಂಕ್' ಕೇಳಲಿಲ್ಲ. ನಮಗೊಂದು ಬೇರೆ ಕೆರೆ ತೋಡಿಕೊಡಿ ಅನ್ನಲಿಲ್ಲ. ಊರವರೆಲ್ಲ ಬಳಸುತ್ತಿದ್ದ ಆ ಚವ್ದಾರ್ ಕೆರೆಯ ನೀರನ್ನೇ ಕುಡಿದರು. ಅದು 'ದಿ ಟ್ಯಾಂಕ್'. ಊರ ಬಾವಿ ಮುಟ್ಟಗೊಡದೆ ಕೇರಿಗೊಂದು ಬಾವಿ ತೋರಿಸುವವರ ವ್ಯಾಕರಣ ನಮಗೆ ಗೊತ್ತಿಲ್ಲವೆ?

1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಬಾಬಾಸಾಹೇಬರು ಓದಿದ ಪ್ರಬಂಧದ ಹೆಸರು 'ಕ್ಯಾಸ್ಟ್ಸ್ ಇನ್ ಇಂಡಿಯಾ'. ಬಹುವಚನ. ಜಾತಿ ಒಂಟಿಯಾಗಿ ಇರಲಾರದು, ಇರುವುದು ಯಾವಾಗಲೂ ಜಾತಿಗಳೇ ಎಂದು ಅಲ್ಲಿ ವಾದಿಸಿದರು. ಲಾಹೋರಿನ ಭಾಷಣಕ್ಕೆಂದು ಬರೆದು, ಸಭೆ ರದ್ದಾದಾಗ 1936ರಲ್ಲಿ ತಾವೇ ಅಚ್ಚು ಹಾಕಿಸಿದ್ದು 'ಆ್ಯನಿಹಿಲೇಷನ್ ಆಫ್ ಕ್ಯಾಸ್ಟ್'. ಇಲ್ಲಿ ಕ್ಯಾಸ್ಟ್‌ಗೆ 'ಎ' ಇಲ್ಲ, 'ದಿ' ಇಲ್ಲ, 'ಎಸ್' ಇಲ್ಲ. ಒಂದು ಜಾತಿಯೂ ಅಲ್ಲ, ಆ ಜಾತಿಯೂ ಅಲ್ಲ. ಜಾತಿ ಎಂಬ ಇಡೀ ವ್ಯವಸ್ಥೆಯೇ ನಾಶವಾಗಬೇಕು. ಏನನ್ನು ಬಿಡಬೇಕು ಎಂಬುದನ್ನೂ ಅವರು ಬಲ್ಲವರಾಗಿದ್ದರು.

ಆದ್ದರಿಂದ ರಾತ್ರಿ ಊಟ ಆದಮೇಲೆ ದಿನಾ ಹತ್ತು ವಾಕ್ಯ ಬರೆಯೋಣ. ಒಬ್ಬರದನ್ನು ಇನ್ನೊಬ್ಬರು ತಿದ್ದೋಣ. ತಪ್ಪಿದವನನ್ನು ನೋಡಿ ಈ ಹಾಸ್ಟೆಲ್ಲಿನಲ್ಲಿ ಯಾರೂ ನಗಬಾರದು. ನಗೋರು ಹೊರಗೆ ಬೇಕಾದಷ್ಟಿದ್ದಾರೆ.