ಕೊಂದವರು ಯಾರು? ಕೊಂದದ್ದು ಏಕೆ?



ರಾಯದುರ್ಗದ ಸೀಮೆಯಲ್ಲೂ ಮಡಕಶಿರದ ಕಡೆಯ ಹಳ್ಳಿಗಳಲ್ಲೂ ಇರುವ ನಮಗೆ ಒಂದು ಭಾಗ್ಯವುಂಟು. ಕಥೆಗಳನ್ನು ನಾವು ಎರಡು ಭಾಷೆಗಳಲ್ಲಿ ಸವಿಯಬಲ್ಲೆವು. ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ, ತೆಲುಗಿನಲ್ಲಿ ಕೊಮ್ಮೂರಿ ಸಾಂಬಶಿವರಾವ್ ಅವರ ಡಿಟೆಕ್ಟಿವ್ ಯುಗಂಧರ್, ಈ ಇಬ್ಬರನ್ನೂ ಬಲ್ಲ ಹಿರಿಯರು ನಿಮ್ಮಲ್ಲಿ ಇದ್ದೇ ಇರುತ್ತಾರೆ. ಪತ್ತೇದಾರಿ ಕಾದಂಬರಿ ಓದುವಾಗ ನಮ್ಮನ್ನು ರಾತ್ರಿಯಿಡೀ ಎಚ್ಚರವಾಗಿಡುವ ಪ್ರಶ್ನೆ ಒಂದೇ: ಕೊಂದವರು ಯಾರು?

ಇದೇ ಬಳಗದ ಇನ್ನೊಂದು ಬಗೆಯ ಕಾದಂಬರಿಗಳಿವೆ. ಅಲ್ಲಿ ಪೊಲೀಸರ ಜೊತೆಗೆ ಒಬ್ಬ ಮನಶ್ಶಾಸ್ತ್ರಜ್ಞ ಬರುತ್ತಾನೆ. ಅವನು ಕೇಳುವುದು ಬೇರೆ ಪ್ರಶ್ನೆ: ಕೊಂದದ್ದು ಏಕೆ?

ಒಂದು ಉದಾಹರಣೆ ಊಹಿಸಿಕೊಳ್ಳಿ. ಮನೆಯಲ್ಲಿ ಕೊಲೆಯಾಗಿದೆ. ಬಾಗಿಲು ಮುರಿದಿಲ್ಲ, ಒಡವೆ ಹೋಗಿಲ್ಲ. ಸತ್ತವನ ಮುಖದ ಮೇಲೆ ಮಾತ್ರ ಯಾರೋ ಟವೆಲು ಹೊದಿಸಿ ಹೋಗಿದ್ದಾರೆ. ಪೊಲೀಸರು ಟವೆಲಿನ ಮೇಲಿನ ಕಲೆ ನೋಡುತ್ತಾರೆ. ಮನಶ್ಶಾಸ್ತ್ರಜ್ಞ ಹೇಳುತ್ತಾನೆ: 'ಕೊಂದವನಿಗೆ ಆ ಮುಖ ನೋಡಲಾಗಲಿಲ್ಲ. ಇವನು ಹೊರಗಿನ ಕಳ್ಳನಲ್ಲ, ಗುರುತಿನವನು ಇರಬೇಕು.' ಇದು ಊಹೆಯೇ ಹೊರತು ಸಾಕ್ಷಿಯಲ್ಲ. ಆದರೆ ಎಲ್ಲಿ ಹುಡುಕಬೇಕೆಂಬ ದಾರಿ ಅದರಿಂದ ತೆರೆಯುತ್ತದೆ.

ಇಂಗ್ಲಿಷಿನಲ್ಲಿ ಈ ದಾರಿ ಹಳೆಯದು. ಗ್ಲಾಡಿಸ್ ಮಿಚೆಲ್ 1929ರಲ್ಲೇ ಮಿಸೆಸ್ ಬ್ರಾಡ್ಲಿ ಎಂಬ ಮನೋವಿಜ್ಞಾನಿ ಅಜ್ಜಿಯನ್ನು ಪತ್ತೇದಾರಳನ್ನಾಗಿ ಮಾಡಿದರು. ಅಮೆರಿಕದ ಜೊನಾಥನ್ ಕೆಲರ್‌ಮನ್ ತಾವೇ ಮಕ್ಕಳ ಮನಶ್ಶಾಸ್ತ್ರಜ್ಞರು. 1985ರಲ್ಲಿ ಅವರು ಅಲೆಕ್ಸ್ ಡೆಲವೇರ್ ಎಂಬ ನಾಯಕನನ್ನು ತಂದರು. 1995ರಲ್ಲಿ ಸ್ಕಾಟ್ಲೆಂಡಿನ ವ್ಯಾಲ್ ಮೆಕ್‌ಡರ್ಮಿಡ್ ಅವರ ಟೋನಿ ಹಿಲ್ ಬಂದ.

ನಮ್ಮಲ್ಲಿ? ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದ ತ್ರಿವೇಣಿಯವರು ಆ ಶಾಸ್ತ್ರವನ್ನು ಕನ್ನಡ ಕಾದಂಬರಿಗೆ ತಂದರು. ಅವರ 'ಶರಪಂಜರ'ವನ್ನು ಪುಟ್ಟಣ್ಣ ಕಣಗಾಲ್ 1971ರಲ್ಲಿ ಚಿತ್ರ ಮಾಡಿದರು. ತೆಲುಗಿನಲ್ಲಿ ಅದೇ ಕಥೆ 1974ರಲ್ಲಿ 'ಕೃಷ್ಣವೇಣಿ' ಆಯಿತು. ನಿಮ್ಮಲ್ಲಿ ಕೆಲವರು ಎರಡನ್ನೂ ನೋಡಿದ್ದೀರಿ. ಹೆರಿಗೆಯ ನಂತರ ಮನಸ್ಸು ಕದಡಿದ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಆದರೆ ಗಂಡನ ಮನಸ್ಸು ಬೇರೆಡೆ ತಿರುಗಿದೆ. ಉಳಿದವರ ಕಣ್ಣಿಗೆ ಅವಳು ಇನ್ನೂ ಹುಚ್ಚಿಯೇ. ಕೊನೆಗೆ ಆ ನೋಟವೇ ಅವಳನ್ನು ಮತ್ತೆ ಮುರಿಯುತ್ತದೆ. ಅಲ್ಲಿ ಕೊಲೆಯಿಲ್ಲ, ಆದರೂ ಒಂದು ಜೀವ ಹಾಳಾಯಿತು. ಹಾಳುಮಾಡಿದವರು ಯಾರು? ಅದನ್ನು ಪತ್ತೆ ಮಾಡುವ ಕೆಲಸವನ್ನು ತ್ರಿವೇಣಿಯವರು ಓದುಗರಿಗೇ ಬಿಟ್ಟಿದ್ದಾರೆ.

ಕೊಲೆಯ ಕಾದಂಬರಿಗಳಲ್ಲಿ ಒಂದು ಕೆಟ್ಟ ಚಾಳಿ ಉಂಟು. ಕಡೆಯ ಪುಟದಲ್ಲಿ 'ಕೊಂದವನು ಹುಚ್ಚ' ಎಂದು ಹೇಳಿ ಕೈತೊಳೆದುಕೊಳ್ಳುವುದು. ಓದಿ ಪುಸ್ತಕ ಮುಚ್ಚಿದರೂ ಆ ಮಾತು ನಮ್ಮ ಮನಸ್ಸಿನಲ್ಲಿ ಉಳಿದುಬಿಡುತ್ತದೆ. ಊರಲ್ಲಿ ಏನಾದರೂ ಕೆಡುಕಾದರೆ, ಅರಳಿಕಟ್ಟೆಯ ಮೇಲೆ ತನ್ನಷ್ಟಕ್ಕೆ ಮಾತಾಡುತ್ತ ಕೂತವನ ಮೇಲೆಯೇ ಮೊದಲ ಸಂಶಯ. ನಿಜಸ್ಥಿತಿ ಬೇರೆ. ಮನೋರೋಗ ಇರುವವರಲ್ಲಿ ಬಹುಪಾಲು ಮಂದಿ ಯಾರ ಮೇಲೂ ಕೈಮಾಡುವವರಲ್ಲ. ಅನೇಕ ಸಲ ಪೆಟ್ಟು ತಿನ್ನುವವರೇ ಅವರು.

ಕಥೆಗಳಲ್ಲಿ ಇನ್ನೊಂದು ನೋಟವಿದೆ: ಸೂಜಿ ಚುಚ್ಚಿದೊಡನೆ ಅಪರಾಧಿ ನಿಜ ಕಕ್ಕುತ್ತಾನೆ! ಕರ್ನಾಟಕದಿಂದ ಹೋದ ಸೆಲ್ವಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2010ರ ಮೇ 5ರಂದು ಸ್ಪಷ್ಟವಾಗಿ ಹೇಳಿತು. ಒಪ್ಪಿಗೆಯಿಲ್ಲದೆ ಯಾರ ಮೇಲೂ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ ನಡೆಸಕೂಡದು. ಮನಸ್ಸಿನ ಬಾಗಿಲನ್ನು ಒದ್ದು ತೆರೆಯುವಂತಿಲ್ಲ.

ಅದನ್ನು ಮೆಲ್ಲಗೆ ತಟ್ಟಿದ ಊರು ನಮ್ಮ ಪಕ್ಕದಲ್ಲೇ ಇದೆ. 1953ರವರೆಗೆ ರಾಯದುರ್ಗ ಬಳ್ಳಾರಿ ಜಿಲ್ಲೆಗೇ ಸೇರಿತ್ತಷ್ಟೆ. ಆ ಬಳ್ಳಾರಿಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ಒಂದು ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗ ಗುರುತಿಸಿ ಔಷಧ ಕೊಡುವ ತರಬೇತಿ ಕೊಟ್ಟಿತು. 'ಬಳ್ಳಾರಿ ಮಾದರಿ' ಎಂದೇ ಹೆಸರಾದ ಅದನ್ನು ಅನುಸರಿಸಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 2022ರಿಂದ 14416 ಎಂಬ ಉಚಿತ ದೂರವಾಣಿ ಸಂಖ್ಯೆಯೂ ಇದೆ. ಕನ್ನಡದಲ್ಲಿ ಕೇಳಿ, ತೆಲುಗಿನಲ್ಲಿ ಕೇಳಿ, ಉತ್ತರ ಸಿಗುತ್ತದೆ.

ಆದ್ದರಿಂದ ಬಂಧುಗಳೆ, ಕೊಲೆಯ ಕಾದಂಬರಿಗಳನ್ನು ಧಾರಾಳವಾಗಿ ಓದಿ. ಅಲ್ಲಿಂದ 'ಏಕೆ' ಎಂಬ ಪ್ರಶ್ನೆಯನ್ನು ಮನೆಗೆ ತನ್ನಿ, ಸಂಶಯವನ್ನು ಪುಸ್ತಕದಲ್ಲೇ ಬಿಡಿ. ಪಕ್ಕದ ಮನೆಯ ಸೊಸೆ ಬಾಣಂತನದ ಮೇಲೆ ಮಂಕಾಗಿ ಕೂತಿದ್ದರೆ 'ಗಾಳಿ ಸೋಕಿದೆ' ಎನ್ನುವ ಮೊದಲು, 'ಏನಾಯಿತವ್ವಾ?' ಎಂದು ಕೇಳಿ ನೋಡಿ. ಎಷ್ಟೋ ಸಲ ಬೇಕಾದ ಪತ್ತೇದಾರಿಕೆ ಅಷ್ಟೇ.